ಐದು ತಿಂಗಳು ಮೊದಲೇ ಜಾಗ ಹಿಡಿಯಬೇಕಾ, ಇಲ್ಲ ಮನಸ್ಸಾದಾಗ ಟೆಂಟ್ ಕಟ್ಟಿಕೊಂಡು ಹೊರಟುಬಿಡಬೇಕಾ?

ಇಬ್ಬನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವಾರದಿಂದ ಇದೇ ಮಾತು. ಟೆಂಟ್ ಹಾಕಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ನಾವು ನಾಲ್ಕು ಜನ. ಮಗಳಿಗೆ ಒಂಬತ್ತು, ಮಗನಿಗೆ ಐದು. ವರ್ಷಕ್ಕೆ ಎರಡು ಸಲ ಕ್ಯಾಂಪಿಂಗ್‌ಗೆ ಹೋಗುತ್ತೇವೆ. ನನಗೆ ಎಲ್ಲವೂ ಮೊದಲೇ ಗೊತ್ತಿರಬೇಕು. ಯಾವ ಕ್ಯಾಂಪ್‌ಗ್ರೌಂಡ್, ಎಷ್ಟನೇ ನಂಬರಿನ ಜಾಗ, ನಲ್ಲಿ ಎಷ್ಟು ದೂರ, ಎಲ್ಲ. ನಮ್ಮ ಮನೆಯವರದ್ದು ಪೂರ್ತಿ ಉಲ್ಟಾ. "ಆಕಾಶ ನೋಡಿ ಹೊರಡಬೇಕು ಕಣೇ, ಕ್ಯಾಲೆಂಡರ್ ನೋಡಿ ಅಲ್ಲ" ಅನ್ನುತ್ತಾರೆ.

ಹೋದ ವರ್ಷ ಅವರ ಮಾತು ಕೇಳಿದೆವು. ಶುಕ್ರವಾರ ಕೆಲಸ ಮುಗಿಸಿ ಹೊರಟೆವು. ಮೊದಲನೇ ಕಡೆ ಗೇಟಿನಲ್ಲೇ ಜಾಗ ಇಲ್ಲ ಅಂತ ಬೋರ್ಡ್. ಎರಡನೇ ಕಡೆಯೂ ಅಷ್ಟೇ. ಮೂರನೇ ಕಡೆ ಒಂದೇ ಒಂದು ಉಳಿದಿತ್ತು, ಅದೂ ಇಳಿಜಾರು. ರಾತ್ರಿ ಹತ್ತೂವರೆಗೆ ಕಾರಿನ ಹೆಡ್‌ಲೈಟ್ ಉರಿಸಿಕೊಂಡು ಟೆಂಟ್ ನಿಲ್ಲಿಸಿದೆವು. ಸುತ್ತಲಿನವರು ಆಗಲೇ ಮಲಗಿದ್ದರು. ಅವರ ಟೆಂಟುಗಳ ಮೇಲೆಲ್ಲ ನಮ್ಮ ಬೆಳಕು. ನನಗೆ ಅಳುವೇ ಬಂತು. ಮಗ ರಾತ್ರಿಯಿಡೀ ಜಾರಿ ಜಾರಿ ನನ್ನ ಕಾಲ ಬುಡಕ್ಕೆ ಬರುತ್ತಿದ್ದ, ನಾನು ಎಳೆದು ಎಳೆದು ಮೇಲೆ ಮಲಗಿಸುತ್ತಿದ್ದೆ.

ಅದರ ಹಿಂದಿನ ವರ್ಷ ನನ್ನ ಮಾತು ನಡೆದಿತ್ತು. ಐದು ತಿಂಗಳು ಮೊದಲೇ ಮೂರು ರಾತ್ರಿಗೆ ಬುಕ್ ಮಾಡಿದ್ದೆ. ಹೊರಡುವ ಹಿಂದಿನ ದಿನ ನೋಡಿದರೆ ಮೂರೂ ದಿನ ಮಳೆ ಅಂತ ತೋರಿಸುತ್ತಿತ್ತು. ದುಡ್ಡು ಕಟ್ಟಾಗಿದೆಯಲ್ಲ ಅಂತ ಹೋದೆವು. ಮಕ್ಕಳು ಕಾರಿನಲ್ಲೇ ಕೂತು ಕಿಟಕಿ ಮೇಲೆ ಚಿತ್ರ ಬರೆದರು. ಎರಡನೇ ದಿನ ವಾಪಸ್ ಬಂದೆವು.

ಇಷ್ಟೇ ಆಗಿದ್ದರೆ ಆರಾಮಾಗಿ ನಿರ್ಧಾರ ಮಾಡುತ್ತಿದ್ದೆ. ಆದರೆ ಆ ಇಳಿಜಾರಿನ ಬೆಳಗ್ಗೆ ಮರೆಯಕ್ಕೆ ಆಗುತ್ತಿಲ್ಲ. ಮಗಳು ಮೊದಲು ಎದ್ದು ಟೆಂಟಿನ ಜಿಪ್ ತೆಗೆದಳು. "ಅಮ್ಮಾ, ನೀರು!" ಅಂದಳು. ನಮ್ಮ ಎದುರಿಗೇ ಕೆರೆ ಇತ್ತು. ಕತ್ತಲಲ್ಲಿ ನಮಗೆ ಗೊತ್ತೇ ಆಗಿರಲಿಲ್ಲ. ನಾನು ಬುಕ್ ಮಾಡಿದ ಯಾವ ಜಾಗದಲ್ಲೂ ಆ ಥರ ಖುಷಿ ಅವಳ ಮುಖದಲ್ಲಿ ನೋಡಿಲ್ಲ. ಹಾಗಾಗಿ ಕೇಳುತ್ತಿದ್ದೇನೆ. ಈ ಸಲ ಏನು ಮಾಡಲಿ?

ಗೂಟ ಹಗ್ಗ:

ಅಕ್ಕ, ನಾನು ಹದಿನಾಲ್ಕು ವರ್ಷದಿಂದ ಟೆಂಟ್ ಹೊತ್ತು ತಿರುಗುತ್ತಿದ್ದೇನೆ. ನೀವು ಬುಕ್ ಮಾಡದೇ ಹೋಗಿದ್ದು ತಪ್ಪಲ್ಲ. ಶುಕ್ರವಾರ ಸಂಜೆ ಹೋಗಿದ್ದು ತಪ್ಪು.

ಬುಕಿಂಗ್ ಇಲ್ಲದೆ, ಮೊದಲು ಬಂದವರಿಗೆ ಅಂತ ಕೊಡುವ ಜಾಗಗಳು ಯಾವಾಗ ಖಾಲಿಯಾಗುತ್ತವೆ ಅಂತ ಯೋಚನೆ ಮಾಡಿ. ಇದ್ದವರು ಗಂಟುಮೂಟೆ ಕಟ್ಟಿಕೊಂಡು ಹೊರಟಾಗ. ಚೆಕ್‌ಔಟ್ ಹೆಚ್ಚಿನ ಕಡೆ ಬೆಳಗ್ಗೆ ಹನ್ನೊಂದು ಅಥವಾ ಮಧ್ಯಾಹ್ನ ಹನ್ನೆರಡಕ್ಕೆ ಇರುತ್ತದೆ. ಹಾಗಾಗಿ ಒಂಬತ್ತೂವರೆ, ಹತ್ತಕ್ಕೆಲ್ಲ ಅಲ್ಲಿರಬೇಕು. ಮೆಲ್ಲಗೆ ಒಂದು ಸುತ್ತು ಬನ್ನಿ. ಯಾರು ಟೆಂಟ್ ಮಡಚುತ್ತಿದ್ದಾರೆ ನೋಡಿ, ವಿನಯವಾಗಿ ಕೇಳಿ. ನನಗೆ ಒಳ್ಳೊಳ್ಳೆ ಜಾಗ ಸಿಕ್ಕಿದ್ದೆಲ್ಲ ಹೀಗೇ. ಭಾನುವಾರದಿಂದ ಬುಧವಾರದವರೆಗೆ ಕಷ್ಟವೇ ಇಲ್ಲ. ಗುರುವಾರ ಮಧ್ಯಾಹ್ನದಿಂದ ವಾರಾಂತ್ಯದವರು ಬಂದು ಕೂರುತ್ತಾರೆ. ಶುಕ್ರವಾರ ಸಂಜೆ ಹೊತ್ತಿಗೆ ಉಳಿಯುವುದು ಬೇರೆಯವರು ನೋಡಿ ಬಿಟ್ಟ ಜಾಗ. ನಿಮ್ಮ ಇಳಿಜಾರು ಅದೇ.

ಆದರೆ ಕೆಲವು ಜಾಗಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್ ತೆಗೆದುಕೊಳ್ಳಿ. ಐದು ತಿಂಗಳು ಮೊದಲು, ತಿಂಗಳ 15ನೇ ತಾರೀಖು, ಅಲ್ಲಿನ ಸಮಯ ಬೆಳಗ್ಗೆ 7ಕ್ಕೆ ಸರಿಯಾಗಿ ಬುಕಿಂಗ್ ತೆರೆಯುತ್ತದೆ. ಬೇಸಿಗೆ ದಿನಗಳು ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತವೆ. ಒಮ್ಮೆ ನಾನು ಏಳಕ್ಕೆ ಐದು ನಿಮಿಷ ಇರುವಾಗಲೇ ಲಾಗಿನ್ ಆಗಿ ಕೂತಿದ್ದೆ, ಆದರೂ ಸಿಗಲಿಲ್ಲ. ಅಂಥ ಕಡೆಗೆ 'ಸುಮ್ನೆ ಹೋಗಿ ನೋಡೋಣ' ಅನ್ನಬೇಡಿ, ಮಕ್ಕಳನ್ನು ಕರೆದುಕೊಂಡಂತೂ ಬೇಡ.

ಆ ವರ್ಷ ನನಗೆ ಕೊನೆಗೂ ಜಾಗ ಸಿಕ್ಕಿತು, ಹೇಗೆ ಗೊತ್ತಾ? ಕ್ಯಾನ್ಸಲ್ ಆದ ಜಾಗ. ಹೊರಡುವ ದಿನ ಹತ್ತಿರ ಬಂದಂತೆ ಜನ ಬಿಟ್ಟುಕೊಡುತ್ತಾರೆ. ಮೂರು ವಾರ ದಿನಾ ರಾತ್ರಿ ಮಲಗುವ ಮುಂಚೆ ಒಂದು ಸಲ ನೋಡುತ್ತಿದ್ದೆ. ಹೋಗುವುದಕ್ಕೆ ಒಂಬತ್ತು ದಿನ ಇದ್ದಾಗ ಎರಡು ರಾತ್ರಿ ಖಾಲಿ ಕಾಣಿಸಿತು. ಒಂಬತ್ತು ದಿನ ಮೊದಲು ಅಂದರೆ ಹವಾಮಾನವೂ ಅರ್ಧ ಗೊತ್ತಿರುತ್ತದೆ. ನಿಮ್ಮ ಮನೆಯವರ ಆಕಾಶ, ನಿಮ್ಮ ಕ್ಯಾಲೆಂಡರ್, ಎರಡೂ ಸೇರುವ ಜಾಗ ಇದು ಅನಿಸುತ್ತದೆ.

ನಾನೀಗ ಮಾಡುವುದು ಇಷ್ಟೇ. ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡುತ್ತೇನೆ. ದಾರಿ ಸವೆಸಿ ಸುಸ್ತಾಗಿ, ಕತ್ತಲಾಗುವ ಹೊತ್ತಿಗೆ ಹೋಗಿ ಇಳಿಯುವುದು ಆ ರಾತ್ರಿ ತಾನೇ? ಮಾರನೇ ದಿನದಿಂದ ನಾವು ಬೆಳಗ್ಗೆಯೇ ಅಲ್ಲಿ ಇರುತ್ತೇವೆ, ಹುಡುಕುವುದು ಸುಲಭ. ಇಷ್ಟವಾದರೆ ಅಲ್ಲೇ ಇನ್ನೊಂದು ದಿನ ಕೇಳುವುದು, ಇಲ್ಲದಿದ್ದರೆ ಮುಂದಕ್ಕೆ.

ಕಾಡುಹಾದಿ:

ನಾನು ಒಬ್ಬನೇ ಹೋಗುವವನು. ಒಂದೂವರೆ ಕಿಲೋ ಟೆಂಟ್, ಬೆನ್ನ ಮೇಲೆ ಚೀಲ, ಅಷ್ಟೇ. ಬುಕಿಂಗ್ ಅಂದರೆ ನನಗೆ ಉಸಿರು ಕಟ್ಟುತ್ತದೆ. ಆದರೂ ಒಂದು ಮಾತು ಹೇಳಬೇಕು. ಮನಸ್ಸಾದಾಗ ಹೊರಡುವುದು ಅಂದರೆ ಏನೂ ಓದದೆ ಹೊರಡುವುದು ಅಲ್ಲ. ನಾನು ಬುಕಿಂಗ್‌ಗೆ ಕೊಡದ ಸಮಯವನ್ನು ಆ ಊರಿನ ನಿಯಮ ಓದಲು ಕೊಡುತ್ತೇನೆ.

ನಾರ್ವೆಯಲ್ಲಿ 1957ರ ಕಾನೂನು ಇದೆ. ಬೇಲಿ ಇಲ್ಲದ, ಬೇಸಾಯ ಮಾಡದ ನೆಲದಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು. ಜನ ವಾಸ ಇರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಒಂದೇ ಕಡೆ ಎರಡು ರಾತ್ರಿಗಿಂತ ಜಾಸ್ತಿ ಇರಬೇಕೆಂದರೆ ಜಾಗದವರನ್ನು ಕೇಳಬೇಕು. ಎತ್ತರದ ಬೆಟ್ಟ, ಜನವಸತಿಯಿಂದ ದೂರದ ಜಾಗಗಳಿಗೆ ಮಾತ್ರ ಆ ಎರಡು ರಾತ್ರಿಯ ಮಿತಿ ಇಲ್ಲ. ಸ್ಕಾಟ್ಲೆಂಡಿನಲ್ಲೂ 2003ರ ಕಾನೂನು ಇಂಥದ್ದೇ ಹಕ್ಕು ಕೊಟ್ಟಿದೆ. ಆದರೆ ಅಲ್ಲಿನ ಲಾಕ್ ಲೋಮಂಡ್ ಸರೋವರದ ಸುತ್ತ ಜನ ಕಸ ಎಸೆದು, ಮರ ಕಡಿದು ಹಾಳು ಮಾಡಿದರು. 2017ರಿಂದ ಅಲ್ಲಿ ಕೆಲವು ದಡಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮಂಥ ಬುಕಿಂಗ್ ಮಾಡದವರು ಒಂದು ರಾತ್ರಿ ಉಡಾಫೆ ಮಾಡಿದರೆ ಮುಂದೆ ಬರುವ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೂ ಬಹಳ ಕಡೆ ಕ್ಯಾಂಪ್‌ಗ್ರೌಂಡಿನ ಹೊರಗೆ ಬುಕಿಂಗ್ ಇಲ್ಲದೇ ಇರಬಹುದು. ಸಾಮಾನ್ಯವಾಗಿ 14 ದಿನದ ಮಿತಿ. ಹೊಳೆ, ಕೆರೆಯಿಂದ 200 ಅಡಿ ದೂರ ಟೆಂಟ್ ಹಾಕಿ ಅನ್ನುತ್ತಾರೆ. ಅಲ್ಲಿ ನಲ್ಲಿ ಇಲ್ಲ, ಟಾಯ್ಲೆಟ್ ಇಲ್ಲ. ಆರರಿಂದ ಎಂಟು ಇಂಚು ಆಳ ಗುಂಡಿ ತೋಡಬೇಕು, ಮುಚ್ಚಬೇಕು. ಐದು ವರ್ಷದ ಮಗುವನ್ನು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಕರೆದುಕೊಂಡು ಹೋಗುವುದನ್ನು ಊಹಿಸಿಕೊಳ್ಳಿ ಮೇಡಂ. ಅವನು ಸ್ವಲ್ಪ ದೊಡ್ಡವನಾಗಲಿ.

ಚಾವಡಿ:

ನಾನು ಎರಡು ಬೇಸಿಗೆ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಹೋಸ್ಟ್ ಆಗಿದ್ದೆ. ಸ್ವಯಂಸೇವೆ. ಬಂದವರಿಗೆ ಜಾಗ ತೋರಿಸುವುದು, ಬೆಂಕಿ ಆರಿಸಿದ್ದಾರಾ ನೋಡುವುದು, ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ ಅಂತ ಹೇಳುವುದು. ಆ ಕಡೆಯಿಂದ ಕಂಡದ್ದು ಒಂದಿದೆ, ಹೇಳಲೇಬೇಕು.

ಒಂದು ಶನಿವಾರ ರಾತ್ರಿ ಎಂಟೂವರೆ. ಒಬ್ಬರು ಕಾರು ನಿಲ್ಲಿಸಿ ಇಳಿದು ಬಂದರು. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. "ಒಂದು ರಾತ್ರಿಗೆ ಎಲ್ಲಾದರೂ?" ಅಂದರು. ನನ್ನ ಕಣ್ಣೆದುರಿಗೆ ಏಳು ಜಾಗ ಖಾಲಿ ಇತ್ತು. ಏಳರ ಕಂಬದ ಮೇಲೂ ಬುಕ್ ಮಾಡಿದವರ ಚೀಟಿ. ಯಾರೂ ಬಂದಿಲ್ಲ, ಯಾರೂ ಕ್ಯಾನ್ಸಲ್ ಮಾಡಿಲ್ಲ. ಅಲ್ಲಿನ ನಿಯಮದ ಪ್ರಕಾರ ಮಾರನೇ ದಿನ ಚೆಕ್‌ಔಟ್ ಹೊತ್ತಿನವರೆಗೆ ಆ ಜಾಗ ಅವರದ್ದೇ. ತಡವಾಗಿ ಬರುವವರೂ ಇರುತ್ತಾರಲ್ಲ. ನಾನು ಇಲ್ಲ ಅನ್ನಬೇಕಾಯಿತು. ಅವರು ಏನೂ ಬೈಯಲಿಲ್ಲ. ಆ ಖಾಲಿ ಜಾಗಗಳನ್ನು ಒಮ್ಮೆ ನೋಡಿ, ಸರಿ ಅಂತ ಹೊರಟರು. ಆ ಏಳು ಜಾಗಕ್ಕೆ ಬೆಳಗಾದರೂ ಯಾರೂ ಬರಲಿಲ್ಲ. ಆ ಮಕ್ಕಳು ಎಲ್ಲಿ ಮಲಗಿದರೋ ಅಂತ ಇವತ್ತಿಗೂ ನೆನಪಾಗುತ್ತದೆ.

ಇಬ್ಬನಿ, ನೀವು ಧಾರಾಳವಾಗಿ ಐದು ತಿಂಗಳು ಮೊದಲೇ ಬುಕ್ ಮಾಡಿ. ತಪ್ಪೇನಿಲ್ಲ. ಆದರೆ ಹೋಗುವುದಿಲ್ಲ ಅಂತ ಗೊತ್ತಾದ ತಕ್ಷಣ ಕ್ಯಾನ್ಸಲ್ ಮಾಡಿಬಿಡಿ. ವಾಪಸ್ ಬರುವ ದುಡ್ಡು ಕಡಿಮೆಯಾದರೂ ಮಾಡಿ. ಮೂರು ರಾತ್ರಿಯಲ್ಲಿ ಎರಡನೇ ದಿನವೇ ಹೊರಟರೂ ಆಫೀಸಿಗೆ ಹೋಗಿ ಹೇಳಿ. ಎಷ್ಟೋ ಜನ ಸುಮ್ಮನೆ ಹೊರಟುಬಿಡುತ್ತಾರೆ.

ಇಬ್ಬನಿ:

ಚಾವಡಿಯವರೇ, ನಿಮ್ಮದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಮಳೆಯಲ್ಲಿ ಎರಡನೇ ದಿನ ಹೊರಟಾಗ ನಾವೂ ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಆ ಜಾಗ ಎರಡು ರಾತ್ರಿ ಖಾಲಿ ಇತ್ತಲ್ಲ ಅಂತ ಈಗ ಬೇಜಾರಾಗುತ್ತಿದೆ.

ಮನೆಯವರಿಗೂ ಓದಿಸಿದೆ. ಮೊದಲ ರಾತ್ರಿ ಬುಕ್ ಮಾಡುವುದು ಅವರಿಗೂ ಒಪ್ಪಿಗೆಯಾಯಿತು. ಈ ಸಲ ಭಾನುವಾರ ಹೊರಡುತ್ತೇವೆ, ಇಬ್ಬರೂ ಮೂರು ದಿನ ರಜೆ ಹಾಕುತ್ತೇವೆ. ಎರಡನೇ ರಾತ್ರಿಯ ಜಾಗ ಹುಡುಕುವುದು ಮಗಳ ಕೆಲಸ ಅಂತ ಹೇಳಿದ್ದೇವೆ. ಅವಳು ಆಗಲೇ ನಕ್ಷೆ ಮುಂದೆ ಕೂತಿದ್ದಾಳೆ. ಬುಕಿಂಗ್ ಪುಟದಲ್ಲಿ ಬರೀ ನಂಬರ್ ಕಾಣುತ್ತದಲ್ಲ, ಇಳಿಜಾರು ಅಂತ ಅಲ್ಲೇ ತಿಳಿದುಕೊಳ್ಳುವುದು ಹೇಗೆ?

ಗೂಟ ಹಗ್ಗ:

ಪ್ರತಿ ನಂಬರ್ ಮೇಲೂ ಒತ್ತಿ ನೋಡಿ ಅಕ್ಕ. ಎಷ್ಟೋ ಕಡೆ ಟೆಂಟ್ ಹಾಕುವ ನೆಲದ ಅಳತೆ, ನೆರಳು, ಕಾರು ನಿಲ್ಲಿಸುವ ಜಾಗ ಇಳಿಜಾರಾ ಸಮತಟ್ಟಾ ಎಲ್ಲ ಬರೆದಿರುತ್ತಾರೆ. ಬಂದುಹೋದವರು ಹಾಕಿದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಟೆಂಟಿನ ಅಳತೆಗೆ ಸುತ್ತಲೂ ಹಗ್ಗ ಎಳೆಯಲು ಮೂರು ಮೂರು ಅಡಿ ಸೇರಿಸಿ ಲೆಕ್ಕ ಹಾಕಿ. ಟಾಯ್ಲೆಟ್ ಹತ್ತಿರ ಇರಲಿ, ಪಕ್ಕದಲ್ಲೇ ಬೇಡ. ರಾತ್ರಿಯೆಲ್ಲ ಬಾಗಿಲ ಸದ್ದು, ಮುಖಕ್ಕೆ ಟಾರ್ಚ್. ತಗ್ಗಿನಲ್ಲಿರುವುದೂ ಬೇಡ, ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ.

ಅಲ್ಲಿ ಹೋದ ಮೇಲೆ ಟೆಂಟ್ ಬಿಚ್ಚುವ ಮೊದಲು ಮಗನನ್ನು ಬರಿಯ ನೆಲದ ಮೇಲೆ ಒಂದು ನಿಮಿಷ ಮಲಗಿಸಿ. ತಲೆ ಯಾವ ಕಡೆ ಬರಬೇಕು ಅಂತ ಅವನೇ ಹೇಳುತ್ತಾನೆ.