ಬಿಎಂಸಿ ಪಿಂಗ್‌ಗೇ ಸಿಗ್ತಿಲ್ಲ, ಸರ್ವರ್ ಮಾತ್ರ ಆರಾಮಾಗಿ ಓಡ್ತಿದೆ

ಇರುಳುಪಾಳಿ:
ತಲೆ ಕೆಟ್ಟುಹೋಗಿದೆ. ಬಿಎಂಸಿಗೆ, ಅಂದ್ರೆ ಸರ್ವರ್‌ನ ದೂರದಿಂದ ನೋಡಿಕೊಳ್ಳೋ ಮ್ಯಾನೇಜ್‌ಮೆಂಟ್ ಕಾರ್ಡ್‌ಗೆ, ಲಾಗಿನ್ ಆಗಕ್ಕೇ ಆಗ್ತಿಲ್ಲ. ಯಾರೂ ಏನೂ ಮುಟ್ಟಿಲ್ಲ. ಅಲ್ಲಿರೋರ ಕೈಲಿ ಕೇಬಲ್ ಬದಲಾಯಿಸಿದ್ದೂ ಆಯ್ತು, ಪೋರ್ಟ್ ಲೈಟ್ ಹಸಿರಾಗೇ ಇದೆ. ಸರ್ವರ್‌ಗೆ ಎಸ್‌ಎಸ್‌ಎಚ್ ಬರುತ್ತೆ, ಆದ್ರೆ ಕನ್ಸೋಲ್ (ಕಾರ್ಡ್ ಮೂಲಕ ಕಾಣೋ ಸರ್ವರ್ ಪರದೆ) ಇಲ್ಲದೆ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕೋ ಧೈರ್ಯ ಇಲ್ಲ. ಆಪತ್ತಿಗೆ ಅಂತ ಇರೋ ಕಾರ್ಡೇ ಕೈಕೊಟ್ರೆ ಯಾರನ್ನ ಕೇಳೋದು?

ಜಾರ್‌ಫೈಲ್:
ಜಾವಾ. ಹಳೇ ಬೋರ್ಡ್ ತಾನೆ? ಕನ್ಸೋಲ್ ಒತ್ತಿದ್ರೆ ಜಾವಾ ಕನ್ಸೋಲ್ ಶುರು ಮಾಡೋ ಜೆಎನ್‌ಎಲ್‌ಪಿ ಫೈಲ್ ಇಳಿಯುತ್ತೆ, ಹೊಸ ಜಾವಾ ಅದರ ಸಹಿ ಒಪ್ಪಲ್ಲ. ಜಾವಾ 8 ಹಾಕಿ, ವಿಳಾಸಾನ ವಿನಾಯಿತಿ ಪಟ್ಟಿಗೆ ಸೇರಿಸಿ.

ಇರುಳುಪಾಳಿ:
ಪಿಂಗೇ ಇಲ್ಲ ಅಂತ ಶೀರ್ಷಿಕೆಯಲ್ಲೇ ಬರೆದಿದೀನಿ.

ಜಾರ್‌ಫೈಲ್:
ಪಿಂಗ್ ಫೈರ್‌ವಾಲ್‌ನಲ್ಲಿ ನಿಂತಿರಬಹುದು, ಅದೇನೂ ಸಾಕ್ಷಿ ಅಲ್ಲ. ಒಂದ್ಸಲ ಜಾವಾ 8 ಹಾಕಿ ನೋಡಿ, ಕಳ್ಕೊಳ್ಳೋದೇನಿದೆ?

ಇರುಳುಪಾಳಿ:
ಈ ಕಾರ್ಡ್‌ದು ಬ್ರೌಸರ್‌ನಲ್ಲೇ ತೆರೆಯೋ ಎಚ್‌ಟಿಎಂಎಲ್5 ಕನ್ಸೋಲ್ ಸ್ವಾಮಿ. ಜಾವಾ ಬೇಡವೇ ಬೇಡ.

ಕೆಸಿಎಸ್:
ಒಳಗಿಂದಲೇ ಕೇಳಿ. ಲಿನಕ್ಸ್ ಆದ್ರೆ ರೂಟ್ ಆಗಿ 'ಐಪಿಎಂಐಟೂಲ್ ಲ್ಯಾನ್ ಪ್ರಿಂಟ್ 1'. ಅದು ನೆಟ್‌ವರ್ಕ್ ಮೇಲೆ ಹೋಗಲ್ಲ, ಬೋರ್ಡ್ ಒಳಗೇ ಬಿಎಂಸಿ ಜೊತೆ ಮಾತಾಡುತ್ತೆ.

ಇರುಳುಪಾಳಿ:
ಐಪಿ, ಮಾಸ್ಕ್, ಗೇಟ್‌ವೇ ಎಲ್ಲಾ ಮೊದಲಿದ್ದಂಗೇ. ಸ್ಟ್ಯಾಟಿಕ್. ಇನ್ನೂ ತಲೆ ಕೆಡ್ತು.

ಬೀಗಮುದ್ರೆ:
ಈ ಕಾಲದಲ್ಲೂ ಐಪಿಎಂಐ, ಬಿಎಂಸಿ ಜೊತೆ ಮಾತಾಡೋ ಆ ಹಳೇ ಪ್ರೋಟೋಕಾಲ್? ಬಳಕೆದಾರನ ಹೆಸರು ಗೊತ್ತಿದ್ರೆ ಸಾಕು, ಲಾಗಿನ್ ಮುಗಿಯೋ ಮೊದಲೇ ಪಾಸ್‌ವರ್ಡ್ ಹ್ಯಾಶ್ ಕೈಗೆ ಕೊಡುತ್ತೆ. ಅದು 2.0 ಸ್ಪೆಸಿಫಿಕೇಶನ್‌ನಲ್ಲೇ ಇರೋ ತೂತು, ಪ್ಯಾಚ್‌ನಿಂದ ಮುಚ್ಚಲ್ಲ. ಅದರ ಪೋರ್ಟ್ ಯುಡಿಪಿ 623 ಮುಚ್ಚಿ, ಅದರ ಬದಲಿಗೆ ಬಂದಿರೋ ರೆಡ್‌ಫಿಶ್‌ಗೆ ಬನ್ನಿ.

ಕೆಸಿಎಸ್:
ತಂತಿ ಮೇಲೇ ಸಿಗದ ಕಾರ್ಡ್ ರೆಡ್‌ಫಿಶ್‌ಗೆ ಎಲ್ಲಿಂದ ಉತ್ತರ ಕೊಡುತ್ತೆ?

ಬೀಗಮುದ್ರೆ:
ನಾನು ಹೇಳಿದ್ದು ಸಾಮಾನ್ಯವಾಗಿ. ಮ್ಯಾನೇಜ್‌ಮೆಂಟ್‌ಗೆ ಬೇರೆ ವಿಲ್ಯಾನ್ (ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್), ವಿಪಿಎನ್ ಇಲ್ಲದೆ ನಾನು ಒಂದು ಕಾರ್ಡನ್ನೂ ಹಚ್ಚಲ್ಲ. ನನ್ನ ರ‍್ಯಾಕ್‌ನಲ್ಲಿ ಅದಕ್ಕೇ ಪ್ರತ್ಯೇಕ ಸ್ವಿಚ್ ಇದೆ, ಕೇಬಲ್ ಬಣ್ಣ ಕೂಡ ಬೇರೆ.

ಕೆಸಿಎಸ್:
ಬಣ್ಣದ ವಿಷಯ ಆಮೇಲೆ. ಇರುಳುಪಾಳಿಯವರೇ, ಬಿಎಂಸಿಯ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಹಾರ್ಡ್‌ವೇರ್ ಗುರುತು) ಸ್ವಿಚ್‌ನ ಯಾವ ಪೋರ್ಟ್‌ನಲ್ಲಿ ಕಾಣ್ತಿದೆ? ಈಚೆಗೆ ಪವರ್ ಹೋಗಿತ್ತಾ?

ಇರುಳುಪಾಳಿ:
ಯುಪಿಎಸ್ ಬ್ಯಾಟರಿ ಬದಲಾಯಿಸೋಕೆ ರ‍್ಯಾಕ್ ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರು. ಅದಕ್ಕೂ ಇದಕ್ಕೂ ಏನು ಸಂಬಂಧ? ಮ್ಯಾಕ್ ಮಾತ್ರ ಸರ್ವರ್‌ನ ಲ್ಯಾನ್ 1 ಹೋಗೋ ಪೋರ್ಟ್‌ನಲ್ಲಿದೆ. ಅಲ್ಲಿ ಯಾಕೆ?

ಕೆಸಿಎಸ್:
ಸಂಬಂಧ ಅಲ್ಲೇ ಇರೋದು. ಲ್ಯಾನ್ ಮೋಡ್ 'ಫೇಲ್‌ಓವರ್' ಇರಬೇಕು, ಅಂದ್ರೆ ತನ್ನ ಪೋರ್ಟ್ ಸಿಗದಿದ್ರೆ ಬಿಎಂಸಿ ಸರ್ವರ್‌ನ ಪೋರ್ಟ್ ಹಂಚಿಕೊಳ್ಳುತ್ತೆ. ಕರೆಂಟ್ ಬಂದಾಗ ಸ್ವಿಚ್‌ಗಿಂತ ಮೊದಲು ಬಿಎಂಸಿ ಎದ್ದಿದೆ, ತನ್ನ ಪೋರ್ಟ್‌ನಲ್ಲಿ ಲಿಂಕ್ ಕಾಣದೆ ಲ್ಯಾನ್ 1ಕ್ಕೆ ಹಾರಿದೆ. ಕೆಲವು ಬೋರ್ಡ್ ಎದ್ದಾಗ ಒಂದೇ ಸಲ ನೋಡೋದು, ಲಿಂಕ್ ಬಂದ್ರೂ ವಾಪಸ್ ಹೋಗಲ್ಲ. ಲ್ಯಾನ್ 1 ಬೇರೆ ವಿಲ್ಯಾನ್, ಅದಕ್ಕೇ ಪಿಂಗ್ ಇಲ್ಲ. 'ಐಪಿಎಂಐಟೂಲ್ ಎಂಸಿ ರಿಸೆಟ್ ಕೋಲ್ಡ್' ಕೊಡಿ.

ಇರುಳುಪಾಳಿ:
ಅಯ್ಯೋ, ಸರ್ವರ್ ರೀಬೂಟ್ ಆಗಲ್ವಾ? ಮೇಲೆ ಡೇಟಾಬೇಸ್ ಓಡ್ತಿದೆ.

ಕೆಸಿಎಸ್:
ಆಗಲ್ಲ. ರಿಸೆಟ್ ಆಗೋದು ಬಿಎಂಸಿ ಮಾತ್ರ. ಫ್ಯಾನ್ ಸ್ವಲ್ಪ ಹೊತ್ತು ಜೋರಾಗಿ ಕೂಗಬಹುದು, ಹೆದರಬೇಡಿ.

ಇರುಳುಪಾಳಿ:
ಬಂತು! ವೆಬ್ ಪುಟ ತೆರೀತು, ಕನ್ಸೋಲೂ.

ಕೆಸಿಎಸ್:
ಅಲ್ಲಿಗೇ ಬಿಡಬೇಡಿ. ಲ್ಯಾನ್ ಮೋಡ್‌ನ 'ಡೆಡಿಕೇಟೆಡ್' (ತನ್ನ ಪೋರ್ಟ್ ಮಾತ್ರ) ಮಾಡಿ. ಇಲ್ಲಾಂದ್ರೆ ಮುಂದಿನ ಸಲ ಪವರ್ ಹೋದಾಗ ಮತ್ತೆ ಇದೇ ಗೋಳು.

ಜಾರ್‌ಫೈಲ್:
ಫೇಲ್‌ಓವರ್ ಇರೋದೇ ಒಳ್ಳೇದು. ಆ ಒಂದು ಪೋರ್ಟ್ ಸತ್ರೆ ಏನ್ಮಾಡ್ತೀರಿ? ನಾನಂತೂ ಕಾರ್ಡ್ ನಂಬಲ್ಲ, ಎಚ್‌ಡಿಎಂಐ, ಯುಎಸ್‌ಬಿಗೆ ಪೈಕೆವಿಎಂ (ದೂರದಿಂದ ಪರದೆ, ಕೀಬೋರ್ಡ್ ಕೊಡೋ ಪುಟ್ಟ ಸಾಧನ) ಸಿಕ್ಕಿಸಿಟ್ಟಿದೀನಿ.

ಬೀಗಮುದ್ರೆ:
ಅದರ ಪಾಸ್‌ವರ್ಡ್ ಬದಲಾಯಿಸಿದೀರಾ?

ಹೊಸಬ:
ನನ್ನದೂ ಸಿಗ್ತಿಲ್ಲ, ಆದ್ರೆ ಮೋಡ್ ಡೆಡಿಕೇಟೆಡ್‌ನಲ್ಲೇ ಇದೆ. ಲೈಟೂ ಹತ್ತಲ್ಲ. ಮೊನ್ನೆ ಹೊಸ ಸ್ವಿಚ್ ಹಾಕಿದ್ವಿ.

ಕೆಸಿಎಸ್:
ಅದು ಬೇರೆ ರೋಗ. ಹೊಸ ಸ್ವಿಚ್ 10 ಗಿಗಾಬಿಟ್‌ದಾ? ಹಳೇ ಬಿಎಂಸಿಗಳಲ್ಲಿ ಕೆಲವು 100 ಮೆಗಾಬಿಟ್ ಮೇಲೆ ಹೋಗಲ್ಲ, ಅಂಥ ಸ್ವಿಚ್‌ಗಳಲ್ಲಿ ಕೆಲವು ಅಷ್ಟು ಕೆಳಗೆ ಇಳಿಯಲ್ಲ. ಬೋರ್ಡ್ ಮಾದರಿ, ಸ್ವಿಚ್ ಮಾದರಿ ಬರೆದು ಬೇರೆ ಚರ್ಚೆ ತೆಗೀರಿ.