ಸ್ವಂತ ವಕೀಲಿಗೆ ಸೋಷಿಯಲ್ ಮೀಡಿಯಾ: ಏನು ಕೈ ಹಿಡಿಯಿತು, ಎಲ್ಲಿ ಎಡವಿದೆವು

ಪ್ರಶ್ನೆ: ಸನ್ನದು ಸಿಕ್ಕಿ ಮೂರು ವರ್ಷ ಆಯಿತು. ಇಷ್ಟು ದಿನ ಸೀನಿಯರ್ ಹತ್ತಿರ ಇದ್ದೆ. ಈಗ ಸ್ವಂತವಾಗಿ ನಿಲ್ಲಬೇಕು ಅಂತಿದ್ದೇನೆ. ಮನೆಯಲ್ಲಿ ಯಾರೂ ವಕೀಲರಿಲ್ಲ, ಪರಿಚಯದವರೂ ಕಡಿಮೆ. ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂನಲ್ಲಿ ಬರೆದು ಮೇಲೆ ಬಂದವರು ಇದ್ದೀರಾ? ಏನು ಬರೆದಿರಿ, ಎಷ್ಟು ದಿನ ಹಿಡಿಯಿತು, ಯಾವುದನ್ನು ಮಾಡಬಾರದಿತ್ತು ಅಂತ ಹೇಳಿ.

ಉದ್ಯೋಗ ಕಾನೂನು ನೋಡುವವರು, 9 ವರ್ಷ:

ಮೊದಲ ವರ್ಷ ದಿನಾ ಏನಾದರೂ ಒಂದು ಹಾಕುತ್ತಿದ್ದೆ. ದೊಡ್ಡ ತೀರ್ಪು ಬಂದರೆ ಅದರ ಸಾರಾಂಶ, ಕಪ್ಪು ಕೋಟಿನ ಫೋಟೋ, ಯಾವುದಾದರೂ ಸಭೆಗೆ ಹೋದರೆ ಅದರದ್ದೊಂದು. ಲೈಕ್ ಬರುತ್ತಿದ್ದವು. ಕೆಲಸ ಒಂದೂ ಬರಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ನೋಡಿದವರಿಗೆ ನಾನು ವಕೀಲ ಅಂತ ಗೊತ್ತಾಗಿತ್ತು. ಯಾವ ತೊಂದರೆಗೆ ನನ್ನ ಹತ್ತಿರ ಬರಬೇಕು ಅಂತ ಗೊತ್ತಾಗಿರಲಿಲ್ಲ.

ಎರಡನೇ ವರ್ಷ ಒಂದೇ ವಿಷಯ ಹಿಡಿದೆ: ಕೆಲಸದಿಂದ ತೆಗೆಯುವಾಗ ಕೈಗೆ ಕೊಡುವ ಪತ್ರಗಳು. ನೀವೇ ರಾಜೀನಾಮೆ ಬರೆದುಕೊಡಿ ಅಂತ ಒತ್ತಾಯ ಬಂದರೆ ಸಹಿಗೆ ಮುಂಚೆ ಏನು ನೋಡಬೇಕು. ನೋಟಿಸ್ ಅವಧಿಯನ್ನು ಯಾವ ದಿನದಿಂದ ಎಣಿಸಬೇಕು. ಲೆಕ್ಕ ಚುಕ್ತಾ ಆಯಿತು ಅನ್ನುವ ಕಾಗದಕ್ಕೆ ಸಹಿ ಹಾಕಿದರೆ ಏನನ್ನೆಲ್ಲ ಬಿಟ್ಟುಕೊಟ್ಟಂತಾಗುತ್ತದೆ. ವಾರಕ್ಕೆ ಒಂದೇ ಬರಹ. ಲೈಕ್ ಕಡಿಮೆಯಾದವು, ಪ್ರಶ್ನೆಗಳು ಜಾಸ್ತಿಯಾದವು.

ಹೀಗೆ ಬರೆಯಲು ಶುರು ಮಾಡಿದ ಹದಿನಾಲ್ಕನೇ ತಿಂಗಳಿಗೆ ಮೊದಲ ಫೋನ್ ಬಂತು. ಮಾಡಿದವರು ಕಕ್ಷಿದಾರರಲ್ಲ, ಆಸ್ತಿ ವ್ಯಾಜ್ಯ ನೋಡುವ ಇನ್ನೊಬ್ಬ ವಕೀಲರು. ಅವರ ಕಕ್ಷಿದಾರರ ಮಗಳ ಕೆಲಸ ಹೋಗಿತ್ತು. "ಆ ಪತ್ರಗಳ ಬಗ್ಗೆ ಬರೆಯೋರು ನೀವೇ ಅಲ್ವಾ?" ಅಂತ ಕೇಳಿದರು. ಇವತ್ತಿಗೂ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಬೇರೆ ವಕೀಲರು ಕಳಿಸಿದ್ದು. ಆದ್ದರಿಂದ ಸಾಮಾನ್ಯ ಜನರಿಗೆ ಅರ್ಥವಾಗುವ ಹಾಗೆ ಬರೆಯಿರಿ, ಆದರೆ ಇನ್ನೊಬ್ಬ ವಕೀಲರು ಓದುತ್ತಾರೆ ಅನ್ನುವುದನ್ನು ಮರೆಯಬೇಡಿ. ಒಮ್ಮೆ ಒಂದು ಸೆಕ್ಷನ್ ತಪ್ಪಾಗಿ ಬರೆದಿದ್ದೆ. ಸುಮ್ನೆ ಅಳಿಸಿಬಿಡಬಹುದಿತ್ತು. ಅಳಿಸದೆ, ತಪ್ಪಾಗಿತ್ತು ಅಂತ ಮೇಲೆಯೇ ಬರೆದು ತಿದ್ದಿದೆ. ನನ್ನ ಮೇಲೆ ಹಿರಿಯರಿಗೆ ನಂಬಿಕೆ ಬಂದದ್ದು ಆಗ ಅಂತ ನನಗೆ ಅನಿಸುತ್ತದೆ.

ಕುಟುಂಬ ನ್ಯಾಯಾಲಯದಲ್ಲಿ ವಾದಿಸುವವರು:

ಏನು ಬರೆಯಬಾರದು ಅಂತ ನಾನು ಹೇಳುತ್ತೇನೆ, ಯಾಕೆಂದರೆ ನಾನು ಅದನ್ನು ಬರೆದಿದ್ದೇನೆ.

ಮಗು ಯಾರ ಹತ್ತಿರ ಇರಬೇಕು ಅನ್ನುವ ಕೇಸು. ತೀರ್ಪು ನಮ್ಮ ಕಡೆ ಆಯಿತು. "ಎರಡು ವರ್ಷ ಅಲೆದ ತಾಯಿಗೆ ಇವತ್ತು ಮಗಳು ಸಿಕ್ಕಳು" ಅಂತ ಸಂಜೆ ಹಾಕಿದೆ. ಹೆಸರಿರಲಿಲ್ಲ, ಊರಿರಲಿಲ್ಲ. ಮರುದಿನ ಆಕೆಯ ಫೋನ್ ಬಂತು. ಕೆಲಸದ ಜಾಗದಲ್ಲಿ ಮೂವರು ಅದನ್ನು ಓದಿ, ಇದು ನಿಮ್ಮದೇ ಅಲ್ವಾ ಅಂತ ಕೇಳಿದ್ದರಂತೆ. ನನ್ನ ಹೆಸರು, ಆ ತಾರೀಕು, ಎರಡು ವರ್ಷ ಅನ್ನುವ ಮಾತು. ಗುರುತು ಹಿಡಿಯಲು ಅಷ್ಟೇ ಸಾಕಾಗಿತ್ತು. ಆಕೆ ಬೈಯಲಿಲ್ಲ. "ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ ಮೇಡಂ" ಅಂದರು. ಪೋಸ್ಟ್ ತೆಗೆದೆ, ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ಮಾತು ಇನ್ನೂ ಕಿವಿಯಲ್ಲಿದೆ.

ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ವೃತ್ತಿ ನಡತೆಯ ಬಗ್ಗೆ 2018ರಲ್ಲಿ ಕೊಟ್ಟ 480ನೇ ಅಭಿಪ್ರಾಯವನ್ನು ನಾನು ಓದಿದ್ದು ಆಮೇಲೆ. ನೀವು ಯಾವ ದೇಶದವರಾದರೂ ಓದಿ. ಕೋರ್ಟಿನ ದಾಖಲೆಯಲ್ಲಿ ಎಲ್ಲರಿಗೂ ಸಿಗುವ ಸಂಗತಿಯಾದರೂ, ಅದು ಕಕ್ಷಿದಾರರ ಕೇಸಿನದ್ದಾದರೆ ಅವರ ಒಪ್ಪಿಗೆ ಇಲ್ಲದೆ ವಕೀಲರು ಬರೆಯುವಂತಿಲ್ಲ ಅನ್ನುತ್ತದೆ. ಕಲ್ಪಿತ ಉದಾಹರಣೆ ಅಂತ ಬರೆದರೂ, ಓದಿದವರು ಯಾರೆಂದು ಹಿಡಿಯುವ ಹಾಗಿದ್ದರೆ ಅದೂ ತಪ್ಪೇ. ಈಗ ನಾನು ವಕಾಲತ್ತು ಹಾಕದ, ಪ್ರಕಟವಾದ ತೀರ್ಪುಗಳನ್ನು ಇಟ್ಟುಕೊಂಡೇ ಬರೆಯುತ್ತೇನೆ. ಗೆಲುವಿನ ಸುದ್ದಿ ಹಾಕುವುದೇ ಇಲ್ಲ.

ಇನ್ನೊಬ್ಬರು:

ಬರೆಯುವ ಮುಂಚೆ ನಿಮಗೆ ಸನ್ನದು ಕೊಟ್ಟವರ ನಿಯಮ ಓದಿ. ದೇಶದಿಂದ ದೇಶಕ್ಕೆ ತುಂಬಾ ವ್ಯತ್ಯಾಸ ಇದೆ. ಅಮೆರಿಕದಲ್ಲಿ 1977ರ ಬೇಟ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ವಕೀಲರು ಜಾಹೀರಾತು ಕೊಡಬಹುದು, ದಾರಿ ತಪ್ಪಿಸುವ ಮಾತು ಇರಬಾರದು. ಭಾರತದಲ್ಲಿ ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್‌ನ 36ನೇ ನಿಯಮ ಜಾಹೀರಾತು ಮತ್ತು ಕೆಲಸ ಕೇಳಿಕೊಂಡು ಹೋಗುವುದು ಎರಡನ್ನೂ ತಡೆಯುತ್ತದೆ, ಪರೋಕ್ಷವಾಗಿ ಮಾಡಿದರೂ. ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ನೋಂದಣಿ ವಿವರ, ಓದು, ಯಾವ ಕ್ಷೇತ್ರದಲ್ಲಿ ಕೆಲಸ, ಇಷ್ಟನ್ನು ಹಾಕಲು 2008ರಲ್ಲಿ ಅವಕಾಶ ಕೊಟ್ಟರು. 2025ರ ಮಾರ್ಚ್‌ನಲ್ಲಿ ಕೌನ್ಸಿಲ್ ಸೋಷಿಯಲ್ ಮೀಡಿಯಾ ಪ್ರಚಾರದ ವಿರುದ್ಧ ಮತ್ತೆ ಎಚ್ಚರಿಕೆ ಕೊಟ್ಟಿದೆ. ಕಾನೂನು ತಿಳಿಸುವುದು ಬೇರೆ, ಕೇಸು ಕೊಡಿ ಅನ್ನುವುದು ಬೇರೆ. ಹಣ ಕೊಟ್ಟು ಪೋಸ್ಟ್ ಹರಡುವುದು, ಗೆದ್ದ ಕೇಸುಗಳ ಪಟ್ಟಿ, "ಇವತ್ತೇ ಕರೆ ಮಾಡಿ" ಅನ್ನುವ ಸಾಲು, ಇವೆಲ್ಲ ಇಲ್ಲಿ ಅಪಾಯ.

ಸಿವಿಲ್ ವ್ಯಾಜ್ಯ ನೋಡುವವರು:

ಮೆಸೇಜ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಹೆಸರು ಸ್ವಲ್ಪ ಹರಡಿದ ಕೂಡಲೇ ಜನ ತಮ್ಮ ಪೂರ್ತಿ ಕಥೆ ಬರೆದು ಕಳಿಸುತ್ತಾರೆ. ಒಬ್ಬರು ರಾತ್ರಿ ಉದ್ದದ ಮೆಸೇಜ್ ಕಳಿಸಿದರು. ಕೊನೆಯ ಸಾಲಿಗೆ ಬಂದಾಗ ಗೊತ್ತಾಯಿತು, ಅವರ ಎದುರು ಪಾರ್ಟಿ ನನ್ನದೇ ಕಕ್ಷಿದಾರರು. ಅವರ ವಾದ, ಅವರ ದುರ್ಬಲ ಜಾಗ ಎಲ್ಲ ಓದಿಬಿಟ್ಟಿದ್ದೆ. ಇಬ್ಬರಿಗೂ ವಿಷಯ ತಿಳಿಸಿ ಆ ಕೇಸಿನಿಂದ ಹೊರಗೆ ಬಂದೆ. ಹಳೆಯ ಕಕ್ಷಿದಾರರು ಕೈತಪ್ಪಿ ಹೋದರು.

ಈಗ ಪ್ರೊಫೈಲ್ ಮೇಲೆ ಹೀಗೆ ಬರೆದಿದ್ದೇನೆ: "ಇಲ್ಲಿ ಕೇಸಿನ ವಿವರ ಕಳಿಸಬೇಡಿ. ನಿಮ್ಮ ಹೆಸರು, ಎದುರು ಪಾರ್ಟಿಯ ಹೆಸರು ಮಾತ್ರ ತಿಳಿಸಿ. ನಾನು ಒಪ್ಪಿಕೊಳ್ಳುವವರೆಗೆ ನಾನು ನಿಮ್ಮ ವಕೀಲ ಅಲ್ಲ. ಗಡುವು ಹತ್ತಿರ ಇದ್ದರೆ ಕಾಯದೆ ಬೇರೆ ವಕೀಲರನ್ನು ನೋಡಿ." ಕೊನೆಯ ಸಾಲು ಬಿಡಬೇಡಿ. ಇನ್‌ಬಾಕ್ಸ್‌ನಲ್ಲಿ ನಮ್ಮ ಕಣ್ಣಿಗೆ ಬೀಳದೆ ಉಳಿದ ಮೆಸೇಜ್‌ನಿಂದ ಯಾರದ್ದೋ ಅಪೀಲಿನ ಅವಧಿ ಮುಗಿದುಹೋಗಬಹುದು.

ಯಾರಾದರೂ ನಿಮ್ಮ ಬಗ್ಗೆ ಕೆಟ್ಟದಾಗಿ ಬರೆದರೆ, ಕೇಸಿನ ವಿವರ ಹಾಕಿ ಉತ್ತರ ಕೊಡಬೇಡಿ. ಅಮೆರಿಕನ್ ಬಾರ್ ಅಸೋಸಿಯೇಷನ್‌ನ 2021ರ 496ನೇ ಅಭಿಪ್ರಾಯ ಇದರ ಬಗ್ಗೆಯೇ ಇದೆ. ವೃತ್ತಿಯ ಕಟ್ಟುಪಾಡು ಇರುವುದರಿಂದ ಉತ್ತರಿಸಲಾರೆ ಅಂದರೆ ಸಾಕು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು. ವಾರಕ್ಕೆ ಎಷ್ಟು ಹೊತ್ತು ಬೇಕು? ನನಗೆ ವಿಡಿಯೋ ಮಾಡಲು ಸಂಕೋಚ.

ಉದ್ಯೋಗ ಕಾನೂನಿನವರು: ವಿಡಿಯೋ ಬೇಡ, ನಾನು ಒಂದೂ ಮಾಡಿಲ್ಲ. ಶನಿವಾರ ಬೆಳಗ್ಗೆ ಎರಡು ಗಂಟೆ ಇಡಿ. ಬೇರೆ ಬೇರೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಹತ್ತು ಬರೆದುಕೊಳ್ಳಿ. ಒಬ್ಬರೇ ಕೇಳಿದ ಪ್ರಶ್ನೆ ಬೇಡ, ಅದು ಅವರ ಕೇಸು. ಒಂದೊಂದಕ್ಕೂ ಮುನ್ನೂರು ಪದ. ಮೊದಲನೆಯದನ್ನು ಹಾಕುವ ಮುಂಚೆ ನನಗೆ ಕಳಿಸಿ, ಓದಿ ಹೇಳುತ್ತೇನೆ.