ಹಳೇ ಗೋರಿ ಕಲ್ಲಿನ ಅಕ್ಷರ ಫೋಟೋದಲ್ಲಿ ಬರ್ತಿಲ್ಲ, ಶೇವಿಂಗ್ ಕ್ರೀಮ್ ಹಚ್ಚಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಹಳೇ ಸ್ಮಶಾನವೊಂದರ ಗೋರಿಗಳ ಫೋಟೋ ತೆಗೆಯುತ್ತಿದ್ದೇನೆ. ಎದುರಿಗೆ ನಿಂತು ನೋಡಿದರೆ ಅಕ್ಷರ ಅಲ್ಪಸ್ವಲ್ಪ ಓದಲು ಬರುತ್ತದೆ, ಮನೆಗೆ ಬಂದು ಫೋಟೋ ತೆರೆದರೆ ಬರೀ ಬೂದು ಹಲಗೆ. ಬಿಸಿಲು ಚೆನ್ನಾಗಿರಲಿ ಅಂತ ನಡುಮಧ್ಯಾಹ್ನವೇ ಹೋಗಿದ್ದೆ. ಶೇವಿಂಗ್ ಕ್ರೀಮ್ ಹಚ್ಚಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ ಅಂತ ಒಬ್ಬರು ಹೇಳಿದರು. ಹಚ್ಚಬಹುದಾ?

ಉತ್ತರ: ದಯವಿಟ್ಟು ಬೇಡ ಸರ್. ಕ್ರೀಮ್ ಬೇಡ, ಸೀಮೆಸುಣ್ಣ ಬೇಡ, ಹಿಟ್ಟು ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಕ್ರೀಮ್ ಅದರೊಳಗೆ ಇಳಿದರೆ ಎಷ್ಟು ನೀರು ಸುರಿದರೂ ಪೂರ್ತಿ ಹೊರಗೆ ಬರುವುದಿಲ್ಲ. ಹಳೇ ಅಮೃತಶಿಲೆಯ ಮೇಲೆ ಬೆರಳು ಸವರಿದರೆ ಕೆಲವೊಮ್ಮೆ ಸಕ್ಕರೆ ಪುಡಿಯ ಹಾಗೆ ಬಿಳಿ ಹರಳು ಅಂಟಿಕೊಳ್ಳುತ್ತದೆ. ಅದು ಧೂಳಲ್ಲ, ಕಲ್ಲೇ. ಮಳೆನೀರಿನ ಆಮ್ಲ ಹರಳುಗಳ ನಡುವಿನ ಹಿಡಿತವನ್ನು ಕರಗಿಸಿರುತ್ತದೆ. ಅಂಥ ಕಡೆ ಉಜ್ಜಿದರೆ ಅಕ್ಷರವನ್ನೇ ಒರೆಸಿ ತೆಗೆದ ಹಾಗೆ. ಗೋರಿ ಕಲ್ಲುಗಳ ಅಧ್ಯಯನಕ್ಕೆಂದೇ 1977ರಲ್ಲಿ ಶುರುವಾದ ಅಮೆರಿಕದ ಸಂಘ, ಅಸೋಸಿಯೇಷನ್ ಫಾರ್ ಗ್ರೇವ್‌ಸ್ಟೋನ್ ಸ್ಟಡೀಸ್‌ನವರೂ ಕ್ರೀಮ್ ಬೇಡ ಅಂತಲೇ ಹೇಳುತ್ತಾರೆ.

ನಿಮಗೆ ಬೇಕಿರುವುದು ನೆರಳು. ಅಕ್ಷರ ಅಂದರೆ ಕಲ್ಲಿನಲ್ಲಿ ತೋಡಿದ ಹಳ್ಳ, ಹಳ್ಳದ ಅಂಚಿನಲ್ಲಿ ನೆರಳು ಬಿದ್ದರೆ ಮಾತ್ರ ಕ್ಯಾಮೆರಾಗೆ ಕಾಣುತ್ತದೆ. ಬಿಸಿಲು ನೇರವಾಗಿ ಕಲ್ಲಿನ ಮುಖಕ್ಕೆ ಹೊಡೆದರೆ ನೆರಳೆಲ್ಲಾ ಮಾಯ. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಮಾಡುವ ತಪ್ಪೂ ಇದೇ. ಬೆಳಕು ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗುವ ಹಾಗೆ ಬರಬೇಕು, 10ರಿಂದ 30 ಡಿಗ್ರಿಯೊಳಗೆ. ಯಾವ ಕಲ್ಲು ಯಾವ ದಿಕ್ಕಿಗಿದೆ ಅಂತ ಮೊದಲು ಬರೆದುಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿನ ಮೇಲಿಂದ ಬಿಸಿಲು ಸರಿದುಹೋಗುವ ಹೊತ್ತು ಸ್ವಲ್ಪವೇ ಇರುತ್ತದೆ, ಅಷ್ಟರಲ್ಲಿ ಅಲ್ಲಿರಬೇಕು.

ಕೆಲವು ಕಲ್ಲಿಗೆ ಬಿಸಿಲೇ ಬೀಳುವುದಿಲ್ಲ ಅಲ್ವಾ, ಅಲ್ಲಿಗೆ ಕನ್ನಡಿ ಒಯ್ಯಿರಿ. ಬಾಗಿಲ ಹಿಂದೆ ತೂಗುಹಾಕುವ ಉದ್ದ ಕನ್ನಡಿ ಸಾಕು. ಒಬ್ಬರು ಬಿಸಿಲಿನಲ್ಲಿ ನಿಂತು ಪಕ್ಕದಿಂದ ಬೆಳಕು ಹಾಯಿಸಲಿ, ಇನ್ನೊಬ್ಬರು ಫೋಟೋ ತೆಗೆಯಲಿ.

ಪ್ರಶ್ನೆ: ಮೇಡಂ, ಪಕ್ಕದಿಂದ ಟಾರ್ಚ್ ಹಿಡಿದು ನೋಡಿದೆ, ಹೆಸರು ಸ್ಪಷ್ಟವಾಗಿ ಬಂತು. ಆದರೆ ಇಸವಿ ಒಂದು ಫೋಟೋದಲ್ಲಿ ಒಂದು ಥರ, ಇನ್ನೊಂದರಲ್ಲಿ ಬೇರೆ ಥರ ಕಾಣುತ್ತಿದೆ.

ಉತ್ತರ: ಇದು ನನಗೂ ಆಗಿದೆ. 1877 ಅನ್ನು 1871 ಅಂತ ಬರೆದುಕೊಂಡಿದ್ದೆ, ಮತ್ತೆ ಹೋಗಿ ನೋಡಿದಾಗಲೇ ಗೊತ್ತಾಗಿದ್ದು. ಪಕ್ಕದ ಬೆಳಕು ನಿಂತ ಗೆರೆಗಳಿಗೆ ಚೆನ್ನಾಗಿ ನೆರಳು ಕೊಡುತ್ತದೆ. 7ರ ತಲೆಯ ಮೇಲಿನ ಗೆರೆ ಅಡ್ಡ ಗೆರೆ, ಬೆಳಕು ಅದರ ಉದ್ದಕ್ಕೇ ಹರಿದುಹೋಗುವುದರಿಂದ ಅಲ್ಲಿ ನೆರಳು ಬೀಳುವುದೇ ಇಲ್ಲ, ಉಳಿಯುವುದು 1. ಅದಕ್ಕೇ ಪ್ರತಿ ಕಲ್ಲಿಗೂ ಎಡದಿಂದ ಬೆಳಕು ಹಾಕಿ ಒಂದು, ಬಲದಿಂದ ಹಾಕಿ ಒಂದು, ಮೇಲಿನಿಂದ ಹಾಕಿ ಒಂದು ಫೋಟೋ ತೆಗೆಯುತ್ತೇನೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ಇರಲಿ, ಬೆಳಕು ಮಾತ್ರ ಜಾಗ ಬದಲಿಸಲಿ. ಲೆನ್ಸ್ ಕೆತ್ತನೆಯ ನಡುಭಾಗದ ಎತ್ತರಕ್ಕೇ ಇರಬೇಕು. ಬಗ್ಗಲಾರದೆ ಮೇಲಿನಿಂದ ತೆಗೆದರೆ ಕಲ್ಲು ಕೆಳಗೆ ಕಿರಿದಾಗಿ ಬರುತ್ತದೆ.

ಇದನ್ನೇ ಇನ್ನೂ ಮುಂದಕ್ಕೆ ಒಯ್ದ ವಿಧಾನ ಒಂದಿದೆ, ಆರ್‌ಟಿಐ ಅನ್ನುತ್ತಾರೆ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್, ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ). ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಯವರು 2001ರಲ್ಲಿ ಕಂಪ್ಯೂಟರ್ ಕಂಪನಿ ಎಚ್‌ಪಿಯ ಸಂಶೋಧನಾಲಯವಾದ ಎಚ್‌ಪಿ ಲ್ಯಾಬ್ಸ್‌ನಲ್ಲಿದ್ದಾಗ ಇದಕ್ಕೆ ದಾರಿ ಮಾಡಿದರು. ಕಲ್ಲಿನ ಪಕ್ಕ ಹೊಳೆಯುವ ಕಪ್ಪು ಗೋಲಿಯೊಂದನ್ನು ಇಡುತ್ತೇವೆ. ಒಂದೇ ಉದ್ದದ ದಾರ ಹಿಡಿದು ಕಲ್ಲಿನಿಂದ ಬೆಳಕಿಗೆ ಇರುವ ದೂರ ಅಳೆದುಕೊಂಡು, ಸುತ್ತಲಿಂದ ಬೇರೆ ಬೇರೆ ಕೋನದಲ್ಲಿ ಬೆಳಕು ಹಾಕಿ ಹತ್ತಾರು ಫೋಟೋ ತೆಗೆಯುತ್ತೇವೆ. ಗೋಲಿಯ ಮೇಲೆ ಹೊಳೆಯುವ ಚುಕ್ಕಿ ನೋಡಿ ಸಾಫ್ಟ್‌ವೇರ್ ಬೆಳಕಿನ ದಿಕ್ಕು ಕಂಡುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರ್‌ನಲ್ಲಿ ಕೂತು ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಎಲ್ಲಾ ಕಲ್ಲಿಗೂ ಇದು ಬೇಕಿಲ್ಲ, ತೀರಾ ಸವೆದು ಹೋದ ಒಂದೆರಡಕ್ಕೆ ಮಾಡಿದರೆ ಸಾಕು.

ಇಷ್ಟಾದಮೇಲೂ ಅಂಕಿ ಅನುಮಾನವಾದರೆ ಊಹಿಸಿ ತುಂಬಬೇಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ. ನೀವು ಬರೆದದ್ದನ್ನು ನಂಬಿ ಯಾರೋ ತಮ್ಮ ಮುತ್ತಜ್ಜನನ್ನು ಹುಡುಕುತ್ತಾರೆ.

ಪ್ರಶ್ನೆ: ನಡುವೆ ಬಂದದ್ದಕ್ಕೆ ಕ್ಷಮಿಸಿ. ಕಲ್ಲುಹೂವು ಬೆಳೆದು ಅಕ್ಷರ ಮುಚ್ಚಿದ್ದರೆ ಕೆರೆದು ತೆಗೆಯಬಹುದಲ್ಲಾ?

ಉತ್ತರ: ಬೇಡ. ಅದರ ಎಳೆಗಳು ಕಲ್ಲಿನೊಳಗೆ ಇಳಿದಿರುತ್ತವೆ, ಕಿತ್ತರೆ ಕಲ್ಲಿನ ಪದರವೂ ಜೊತೆಗೆ ಬರುತ್ತದೆ. ಹಾಗೇ ಫೋಟೋ ತೆಗೆಯಿರಿ. ಒಣ ಎಲೆ, ಮೇಲೆ ಬಾಗಿದ ಹುಲ್ಲು ಕೈಯಿಂದ ಸರಿಸಿದರೆ ತೊಂದರೆಯಿಲ್ಲ. ಗೋರಿಯ ಮೇಲೆ ಸಣ್ಣ ಸಣ್ಣ ಕಲ್ಲು ಜೋಡಿಸಿದ್ದರೆ ಮಾತ್ರ ಮುಟ್ಟಬೇಡಿ. ಯಹೂದಿಗಳಲ್ಲಿ ಬಂದು ಹೋದವರು ನೆನಪಿಗೆ ಇಟ್ಟುಹೋಗುವ ಕಲ್ಲು ಅದು.

ಪ್ರಶ್ನೆ: ಕೊನೆಯದು ಮೇಡಂ. ಒಂದು ಕಲ್ಲು ಬೋರಲು ಬಿದ್ದಿದೆ. ನಾವಿಬ್ಬರಿದ್ದೇವೆ, ಎತ್ತಿ ನಿಲ್ಲಿಸಿ ತೆಗೆಯೋಣ ಅಂತಿದ್ದೇವೆ.

ಉತ್ತರ: ಎತ್ತಬೇಡಿ. 1 ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಹಲಗೆಯೇ ಸುಮಾರು 160 ಕಿಲೋ ತೂಗುತ್ತದೆ. ಕೈ ಜಾರಿದರೆ ಕಾಲೂ ಹೋಯಿತು, ಕಲ್ಲೂ ಹೋಯಿತು. ನೆಟ್ಟಗೆ ನಿಂತ ಕಲ್ಲಿಗೂ ಒರಗಬೇಡಿ, ಬುಡ ಸಡಿಲವಾಗಿರುತ್ತದೆ. ಬಿದ್ದಿರುವ ಹಾಗೇ ಹಿಂಬದಿ ಮತ್ತು ಅಂಚುಗಳ ಫೋಟೋ ತೆಗೆಯಿರಿ, ಪಕ್ಕದ ಗೋರಿಗಳೂ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಸ್ಮಶಾನ ನೋಡಿಕೊಳ್ಳುವವರಿಗೆ ಅದೇ ಫೋಟೋ ತೋರಿಸಿ ಹೇಳಿ. ಅವರು ಎತ್ತಿಸುವ ದಿನ ನಿಮ್ಮನ್ನೂ ಕರೆಯಲು ಕೇಳಿಕೊಳ್ಳಿ. ಮಣ್ಣಿನ ಕಡೆಗಿದ್ದ ಮುಖಕ್ಕೆ ಮಳೆ ಜಾಸ್ತಿ ಹೊಡೆದಿರುವುದಿಲ್ಲ, ಅಕ್ಷರ ಚೆನ್ನಾಗಿ ಉಳಿದಿದ್ದರೂ ಉಳಿದಿರಬಹುದು.